ಮಂಟಪದ ಮಸಿ

ಹಲ್ಲಿಯೊಂದು ಬೆಳಕಿನಿಂದ ತಪ್ಪಿಸಿಕೊಂಡು ತೊಲೆಯ ಸಂದಿಗೆ ಸರಿದುಹೋಯಿತು, ಬಾಲ ಮಾತ್ರ ಒಂದು ಕ್ಷಣ ಹೊರಗೆ ಉಳಿದು ಅದೂ ಒಳಗೆ ಹೋಯಿತು, ಇದರ ಮುತ್ತಜ್ಜಿಗೆ ಯಶೋಧರಾ ಒಂದು ಕಾಲದಲ್ಲಿ ಇಡ್ಲಿ ಚೂರು ಎಸೆಯುತ್ತಿದ್ದಳು, ಹಲ್ಲಿಗಳು ಇಡ್ಲಿ ತಿನ್ನುವುದಿಲ್ಲ ಎಂದು ತಿಳಿಯಲು ಅವಳಿಗೆ ಇಡೀ ಒಂದು ಬೇಸಿಗೆ ಬೇಕಾಗಿತ್ತು — ಹಲಗೆ ಬೆನ್ನಿಗೆ ಒತ್ತುತ್ತಿದೆ, ಅಟ್ಟಣಿಗೆಯ ಕಬ್ಬಿಣದ ಕೊಳವೆ ಆಗಲೇ ಬಿಸಿಲಿಗೆ ಕಾಯುತ್ತಿದೆ, ಕೆಳಗಿನಿಂದ ಅಮೋನಿಯಾ ವಾಸನೆ, ನೆನೆಸಿದ ಕಾಗದದ ವಾಸನೆ, ಆಚೆ ವಿರೂಪಾಕ್ಷನ ಗುಡಿಯಲ್ಲಿ ಗಂಟೆ, ಮೂಗಿಗೂ ಛತ್ತಿನ ಕಲ್ಲಿಗೂ ನಡುವೆ ಎರಡು ಗೇಣು ಜಾಗ, ಕೈಯಲ್ಲಿ ಬ್ಯಾಟರಿ. ಬ್ಯಾಟರಿಯನ್ನು ಕಲ್ಲಿಗೆ ಎದುರಾಗಿ ಹಿಡಿಯಬಾರದು, ಕೆನ್ನೆ ಒತ್ತಿದ ಹಾಗೆ ಅಡ್ಡ ಹಿಡಿಯಬೇಕು, ಆಗ ಸಣ್ಣ ಗೆರೆಗೂ ನೆರಳು ಬೀಳುತ್ತದೆ, ಇದ್ದದ್ದು ಕಾಣುತ್ತದೆ. ಹಂಪಿ ಬಜಾರಿನ ಮಂಟಪಗಳನ್ನು ತೊಳೆಯುವ ಈ ತಂಡದಲ್ಲಿ ಚರಿತ್ರೆ ಓದಿದವಳು ಅವಳೊಬ್ಬಳೇ, ಹಾಗಾಗಿ ಪ್ರತಿ ಛತ್ತಿನ ಕೆಳಗೂ ಮೊದಲು ಅವಳು ಮಲಗಬೇಕು, ಬಣ್ಣವೋ ಗೆರೆಯೋ ಅಕ್ಷರವೋ ಗುರುತೋ ಇದ್ದರೆ ಬಿಡಿ ಎನ್ನಬೇಕು, ಇಲ್ಲದಿದ್ದರೆ ತೊಳೆಯಿರಿ ಎನ್ನಬೇಕು, ಅಷ್ಟೇ ಕೆಲಸ, ಕೆಳಗೆ ಕೊಡೆ ಹಿಡಿದು ನಿಂತ ಉಸ್ತುವಾರಿ ಜಂಬುನಾಥ್ ಸರ್ ಮುಖ ಮೇಲೆತ್ತಿ ಕೇಳುತ್ತಾರೆ, ಮೇಡಂ, ತೊಳೆಯೋದೋ ಬಿಡೋದೋ. ಇಷ್ಟು ದಿನ ಅದು ನೀರು ಕುಡಿದಷ್ಟು ಸುಲಭವಿತ್ತು. ಇವತ್ತು ಗಂಟಲಲ್ಲಿ ಸಿಕ್ಕಿಕೊಂಡಿದೆ, ಯಾಕೆಂದರೆ ಈ ಮಂಟಪ ಅವಳ ಮನೆ, ಈ ಮಸಿ ಅವಳ ಅವ್ವನ ಒಲೆಯದು.

ಅದನ್ನು ಅವಳು ಜಂಬುನಾಥ್ ಸರ್‌ಗೆ ಹೇಳಿಲ್ಲ, ಅವ್ವನೂ ಹೇಳಿಲ್ಲ, ಅವ್ವ ಅಲ್ಲೇ ಕೆಳಗೆ ಬಕೀಟಿನಲ್ಲಿ ಮಸಿ ಹೀರುವ ಕಾಗದದ ಲಗದಿ ಕಲೆಸುತ್ತಿದ್ದಾಳೆ, ಮೊಣಕೈವರೆಗೆ ರಬ್ಬರಿನ ಗವಸು, ತಲೆಗೆ ಟವೆಲು, ಈ ಗ್ಯಾಂಗಿಗೆ ಅವ್ವ ಮಗಳಿಗಿಂತ ಹಿರಿಯಳು, ಯಶೋಧರಾ ಕೆಲಸಕ್ಕೆ ಸೇರುವ ಮೊದಲೇ ದುರ್ಗಕ್ಕ ಇಲ್ಲಿ ಕೂಲಿಗೆ ಸೇರಿದ್ದಳು, ಮೊದಲ ದಿನ ಮಗಳು ಗುರುತಿನ ಕಾರ್ಡು ಕೊರಳಿಗೆ ಹಾಕಿಕೊಂಡು ಬಂದಾಗ ಎಲ್ಲರೆದುರು ಎದ್ದು ನಿಂತು ನಮಸ್ಕಾರ್ರೀ ಮೇಡಂ ಎಂದಳು, ಎಂದು ಸೆರಗಿನಲ್ಲಿ ನಕ್ಕಳು, ಮನೆಗೆ ಹೋದ ಮೇಲೆ ಅದೇ ಮೇಡಮ್ಮಿಗೆ ಬೆಳ್ಳುಳ್ಳಿ ಸುಲಿಯಲು ಹಚ್ಚಿದಳು. ಈಗ ಮೂರು ದಿನದಿಂದ ಅವ್ವನ ಕಣ್ಣು ಈ ಮಂಟಪದ ಮೇಲೇ ಇದೆ, ಪಕ್ಕದ್ದು ಮುಗಿಯುತ್ತಿದ್ದ ಹಾಗೆ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಹೇಳಿದಳು, ಇವತ್ತು ನಮ್ಮದು ಬರ್ತೈತಿ ನೋಡು, ಇವತ್ತು ಅದನ್ನ ಬಿಡಂಗಿಲ್ಲ, ಹುಣಸೆಹಣ್ಣಿಗೂ ಬಗ್ಗಲಿಲ್ಲ, ಬೂದಿಗೂ ಬಗ್ಗಲಿಲ್ಲ, ಈ ನೀರಿಗೆ ಹೆಂಗ ಬಗ್ಗಂಗಿಲ್ಲ ನೋಡ್ತೀನಿ. ಮಗಳು ರೊಟ್ಟಿ ನುಂಗಿದಳು, ಮಾತೂ ನುಂಗಿದಳು. ಅವಳಿಗೆ ಆ ಮಸಿ ಉಳಿಯಬೇಕು, ಅವ್ವನಿಗೆ ಹೋಗಬೇಕು, ಒಂದೇ ಛತ್ತಿಗೆ ಒಂದೇ ಮನೆಯ ಇಬ್ಬರು ಗಂಟುಬಿದ್ದಿದ್ದಾರೆ, ಇದನ್ನು ಯಾರ ಮುಂದೆ ಹೇಳುವುದು.

ಬಲಗಡೆಯ ಮೂಲೆಯಿಂದ ಶುರುಮಾಡು, ಗೇಣು ಗೇಣು ಸರಿ, ಇಲ್ಲಿ ಏನಿಲ್ಲ, ಉಳಿಯ ಹಳೇ ಹಲ್ಲು, ಎಷ್ಟೋ ನೂರು ವರ್ಷದ ಹಿಂದೆ ಯಾರೋ ಕಲ್ಲುಕುಟಿಗ ಬೇಸರದಿಂದ ಹೊಡೆದ ಏಟು, ಛತ್ತಿನ ಒಳಮೈ ಯಾರು ನೋಡುತ್ತಾರೆ ಎಂದುಕೊಂಡಿರಬೇಕು, ನೋಡು ನಿನ್ನದನ್ನೂ ನೋಡುವವರು ಬಂದರು — ಈ ಕಂಬ, ಈ ಕಂಬಕ್ಕೆ ಅಪ್ಪನ ಟೀ ಡಬ್ಬಿ ನೇತಾಡುತ್ತಿತ್ತು, ಎದುರಿನ ಕಂಬಕ್ಕೆ ಬಾಬಾಸಾಹೇಬರ ಫೋಟೋ, ಅದರ ಕೆಳಗೆ ಅವ್ವನ ಹಟಕ್ಕೆ ಎಲ್ಲಮ್ಮನ ಸಣ್ಣ ಫೋಟೋ, ಅಪ್ಪ ನಾಗೇಂದ್ರಪ್ಪ ಬುದ್ಧನಿಗೆ ಕೈಮುಗಿದು ಮಗಳಿಗೆ ಯಶೋಧರಾ ಎಂದು ಹೆಸರಿಟ್ಟವನು, ಆದರೂ ಎಲ್ಲಮ್ಮನನ್ನು ಇಳಿಸು ಎಂದು ಒಂದು ದಿನವೂ ಅನ್ನಲಿಲ್ಲ, ಕಂಬ ದೊಡ್ಡದೈತಿ ಇರ್ಲಿ ಬಿಡು ಎನ್ನುತ್ತಿದ್ದ. ಮುಂದೆ ಟೀ ಅಂಗಡಿ, ಹಿಂದೆ ಗೋಣಿತಟ್ಟಿನ ಪರದೆ, ಪರದೆಯ ಹಿಂದೆ ಮನೆ, ಮನೆ ಎಂದರೆ ಒಲೆ ಮತ್ತು ಚಾಪೆ. ಊರು ಹಾಳಾಗಿ ಅಷ್ಟು ವರ್ಷವಾದ ಮೇಲೆ ನಾವು ಬಂದು ಕುಂತಿವಿ, ಹಾಳೂರಿಗೆ ಉಳಿದೋನೇ ಗೌಡ, ಹಂಗ ನೋಡಿದ್ರ ನಿಮ್ಮಪ್ಪ ಗೌಡ ಆಗ್ಬೇಕು ನೋಡು ಎಂದು ಅಪ್ಪ ಟೀ ಎತ್ತಿ ಎತ್ತಿ ಸುರಿಯುತ್ತಿದ್ದ, ಗೌಡರ ಅಂಗಿಗೆ ಎರಡು ಗುಂಡಿ ಇರಲಿಲ್ಲ. ಕಟ್ಟಿಗೆ ಒಲೆ, ಬೆಳಗಿನಿಂದ ಸಂಜೆತನಕ ಟೀ, ಮಿರ್ಚಿ ಎಣ್ಣೆ, ಹೊಗೆ ಹೋಗಲು ದಾರಿಯಿಲ್ಲ, ಛತ್ತಿಗೆ ಹೋಗಿ ಕೂತಿತು. ಇಷ್ಟೇ ಈ ಮಸಿಯ ಪೂರ್ವೋತ್ತರ.

ಮೇಡಂ ಏನರ ಐತೇನ್ರೀ — ಇನ್ನ ನೋಡ್ತಿದೀನ್ರೀ ಸರ್, ಸ್ವಲ್ಪ ತಡೀರಿ. ಜಂಬುನಾಥ್ ಸರ್ ಕೆಟ್ಟವರಲ್ಲ, ಅವಸರದವರು, ಅವರ ಲೆಕ್ಕದಲ್ಲಿ ಮಸಿ ಎರಡು ತರಹ, ಹಳೇ ಮಸಿ, ಹೊಸ ಮಸಿ, ಹಿಂದಿನ ತಿಂಗಳು ಆ ತುದಿಯ ಮಂಟಪದಲ್ಲಿ ದೀಪದ ಮಸಿಯ ಕೆಳಗೆ ಕೆಂಪು ಗೆರೆಯೊಂದು ಸಿಕ್ಕಾಗ ಅವರೇ ಖುಷಿಯಾಗಿ ಎಲ್ಲರಿಗೂ ಬೋಂಡಾ ತರಿಸಿದ್ದರು, ಹಳೇದು ಬಿಡ್ರಿ, ಹೊಸಾದು ತಿಕ್ಕ್ರಿ, ಇಷ್ಟೇ ಶಾಸ್ತ್ರ. ಮಸಿಗೆ ತನ್ನ ವಯಸ್ಸು ಎಲ್ಲಿ ಗೊತ್ತು. ಎಷ್ಟು ವರ್ಷ ಆದ ಮ್ಯಾಲ ಒಂದು ಸಂಗತಿ ಚರಿತ್ರಿ ಆಗ್ತೈತಿ ಮಿಸ್ — ಇದನ್ನು ಅವಳು ಒಂಬತ್ತನೇ ಇಯತ್ತೆಯಲ್ಲಿ ಕೇಳಿದ್ದಳು, ಕಮಲಾಪುರದ ಹೈಸ್ಕೂಲಿನಲ್ಲಿ, ಎರಡನೇ ಬೆಂಚಿನಿಂದ, ಚಂದ್ರಕಲಾ ಮಿಸ್ ಸೀಮೆಸುಣ್ಣ ಕೆಳಗಿಟ್ಟಿದ್ದರು, ಗೊತ್ತಿಲ್ಲ ಯಶೋಧರಾ, ನಂಗೂ ಗೊತ್ತಿಲ್ಲ, ಗೊತ್ತಾದ್ರ ಹೇಳ್ತೀನಿ, ನಿಂಗ ಮೊದಲು ಗೊತ್ತಾದ್ರ ನೀ ಹೇಳು. ಗೊತ್ತಿಲ್ಲ ಎಂದ ಟೀಚರನ್ನು ಅವಳು ಅದೇ ಮೊದಲು ನೋಡಿದ್ದು, ಅವತ್ತಿನಿಂದ ಆ ಹೆಂಗಸಿನ ಮೇಲೆ ಪ್ರಾಣ. ಮಲಪನಗುಡಿಯಿಂದ ಬಸ್ಸಿಗೆ ಬರುತ್ತಿದ್ದರು, ಚೀಲದಲ್ಲಿ ಡಬ್ಬಿ, ನೀರಿನ ಬಾಟಲಿ, ಒಂದು ಟೇಪು, ದಾರಿಯಲ್ಲಿ ಹಳೇ ಕಲ್ಲು ಕಂಡರೆ ಅಳೆಯಲು, ಊರವರು ಆಸ್ತಿ ಸರ್ವೆಗೆ ಬಂದವರು ಎಂದು ಹೆದರುತ್ತಿದ್ದರು.

ಆ ಕಿರುಪರೀಕ್ಷೆಯ ಪ್ರಶ್ನೆ, ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ, ಮಲಗಿದಲ್ಲೇ ನಗು ಬರುತ್ತದೆ, ವಿಜಯನಗರದ ಪೇಟೆಬೀದಿಯಲ್ಲಿ ಏನೇನು ಮಾರುತ್ತಿದ್ದರು, ನಾಲ್ಕು ಅಂಕ. ಎಲ್ಲರೂ ಪುಸ್ತಕದಲ್ಲಿ ಇದ್ದದ್ದು ಬರೆದರು, ಮುತ್ತು, ರತ್ನ, ರೇಷ್ಮೆ, ಕುದುರೆ. ಅವಳು ಆ ಪಾಠದ ದಿನ ಜ್ವರ ಬಂದು ಮಲಗಿದ್ದಳು, ಆದರೆ ಪೇಟೆಬೀದಿ ಎಂದರೆ ಹಂಪಿ ಬಜಾರು ಎಂದು ಗೊತ್ತಿತ್ತು, ಹಂಪಿ ಬಜಾರು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಬರೆದಳು — ಟೀ, ಮಿರ್ಚಿ, ಎಳನೀರು, ಬಾಳೆಹಣ್ಣು, ಮಣಿಸರ, ಹಂಪಿಯ ಫೋಟೋಗಳು, ಆನೆ ಚಿತ್ರದ ಹೊದಿಕೆ, ಯಾರ ಹತ್ತಿರವಾದರೂ ದುಡ್ಡಿಲ್ಲದಿದ್ದರೆ ನಮ್ಮಪ್ಪ ಟೀ ಹಾಗೇ ಕೊಡುತ್ತಿದ್ದರು. ಹಂಪಿಯ ಮಕ್ಕಳಲ್ಲದೆ ಇನ್ನಾರು ಇಂಥ ತಪ್ಪು ಮಾಡಲು ಸಾಧ್ಯ. ಮಿಸ್ ಅದನ್ನು ತರಗತಿಯಲ್ಲಿ ಓದಿಸಿದರು, ಬೆಂಚು ಬೆಂಚೇ ನಕ್ಕಿತು, ಅವಳಿಗೆ ನೆಲದೊಳಗೆ ಹೋಗಬೇಕೆನಿಸಿತು, ನಕ್ಕಿದ್ದು ಸಾಕು ಕುಂದ್ರಿ ಎಂದರು ಮಿಸ್, ಪರದೇಶದಿಂದ ಬಂದೋರು ಬೀದ್ಯಾಗ ನಿಂತು ನೋಡಿದ್ರು, ಅವ್ರಿಗೆ ಮುತ್ತು ಕಂಡ್ವು, ಈಕಿ ಮನ್ಯಾಗ ನಿಂತು ನೋಡಿದಳು, ಈಕಿಗೆ ಮಿರ್ಚಿ ಕಂಡ್ವು, ಯಾರು ಏನ ಹೇಳಿದ್ರೂ ಮೊದಲು ಎರಡು ಮಾತು ಕೇಳ್ರಿ, ಕಣ್ಣಾರೆ ಕಂಡಿದ್ದಾ, ಎಲ್ಲಿ ನಿಂತು ಕಂಡಿದ್ದು. ನಾಲ್ಕಕ್ಕೆ ಎರಡು ಕೊಟ್ಟರು. ಕಂಡಿದ್ದು ಬರೆದಿದ್ದಕ್ಕ ಎರಡು, ಐನೂರು ವರ್ಷದ ಹಿಂದಿಂದು ಬಿಟ್ಟಿದ್ದಕ್ಕ ಎರಡು ಕಟ್. ಅಪ್ಪನಿಗೆ ಓದಿ ಹೇಳಿದರೆ ಅಪ್ಪ ಆ ಹಾಳೆ ಮಡಿಚಿ ಜೇಬಿನಲ್ಲಿಟ್ಟುಕೊಂಡ, ನನ್ನ ಟೀ ಹಿಸ್ಟರಿಯೊಳಗ ಬಂತು ಎಂದು ಗಿರಾಕಿಗಳಿಗೆಲ್ಲ ಹೇಳಿದ, ಆಗ ಅವರ ಅಂಗಡಿ ಕಡ್ಡಿರಾಂಪುರದ ರಸ್ತೆಯಲ್ಲಿತ್ತು, ತಗಡಿನ ಡಬ್ಬಿ, ಮಸಿ ಹಿಡಿಯಲು ಛತ್ತೇ ಇರಲಿಲ್ಲ.

ಹತ್ತನೇದು ಮುಗಿದ ಮೇಲೆ ಮನೆ ತುಂಬ ಮಾತು, ಅವ್ವ ನರ್ಸ್ ಆಗು ಎಂದಳು, ಬಿಳಿ ಸೀರೆ, ತಿಂಗಳಿಗೆ ಸರಿಯಾಗಿ ಪಗಾರ, ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುವ ಸೋದರಮಾವನ ಮಗ ಪ್ರವೀಣ ಗಾದಿಗನೂರಿನಿಂದ ಬಂದಿದ್ದ, ಗಣಿಧೂಳಿಗೆ ಅಂಗಿ ಕೆಂಪು, ಕಿವಿಯೊಳಗೂ ಕೆಂಪು, ಹಿಸ್ಟರಿ ಓದಿ ಎಲ್ಲಿಗೆ ಹೋಗ್ತಿಯಲೇ, ರಾಣಿ ಆಗ್ತಿಯೇನು ಎಂದು ಕಾಡಿದ, ಕಾಡಿದವನೇ ಮಾರನೇ ವಾರ ಬರುವಾಗ ಜೇಬಿನಿಂದ ಅಂಗೈಯಗಲದ ಅದಿರಿನ ಕಲ್ಲೊಂದು ತೆಗೆದುಕೊಟ್ಟ, ತಗೋ, ನಿನ್ನ ರಾಜರಿಗಿಂತ ಹಳೇದಿದು. ಎಷ್ಟು ಭಾರ ಇತ್ತು ಅದು, ಈಗಲೂ ಕಿಟಕಿಯಲ್ಲಿದೆ. ಅವ್ವ ಅವಳನ್ನು ಎಳೆದುಕೊಂಡು ಮಿಸ್ ಹತ್ತಿರ ಹೋದಳು, ನೀವರ ಬುದ್ಧಿ ಹೇಳ್ರಿ ಮಿಸ್, ಹಿಸ್ಟರಿ ತಗೊಂಡ್ರ ಎಲ್ಲಿಗೆ ಹೋಗ್ತಾಳ್ರಿ ಇಕಿ. ಮಿಸ್ ಪಟ್ಟಿ ಹೇಳಬಹುದಿತ್ತು, ಟೀಚರ್ ಆಗ್ತಾಳೆ, ಗೈಡ್ ಆಗ್ತಾಳೆ, ಪರೀಕ್ಷೆ ಬರೆದು ಸಾಹೇಬಳಾಗ್ತಾಳೆ, ಅಷ್ಟು ಹೇಳಿದ್ದರೆ ಅವ್ವನಿಗೆ ಸಮಾಧಾನ ಆಗುತ್ತಿತ್ತು, ಅವರು ನಕ್ಕು, ಎಲ್ಲೂ ಹೋಗಂಗಿಲ್ಲ ದುರ್ಗಕ್ಕ, ಸುತ್ತಾಡಿ ಮನಿಗೇ ಬರ್ತಾಳ ಎಂದರು, ಅವ್ವ ದಾರಿಯುದ್ದಕ್ಕೂ ಗೊಣಗಿದಳು, ಮನಿಗೆ ಬರಾಕ ಓದ್ಬೇಕೇನು, ಮನ್ಯಾಗ ಕುಂತಿದ್ರಾಯ್ತು. ಆದರೆ ಹೊಸಪೇಟೆಯ ಕಾಲೇಜಿಗೆ ಬುತ್ತಿ ಕಟ್ಟಿಕೊಟ್ಟವಳು ಅವ್ವನೇ, ಬಿಎ ಮುಗಿಯುವವರೆಗೂ, ಎಂಎ ಮುಗಿಯುವವರೆಗೂ, ನಡುವೆ ಕೊರೊನಾದ ಎರಡನೇ ಅಲೆಯ ವರ್ಷ ಅಪ್ಪ ಹೋದ ಮೇಲೂ, ಹೋದ ಹದಿನಾರನೇ ದಿನವೂ ಬುತ್ತಿ ಕಟ್ಟಿದಳು. ಅಪ್ಪನ ಬಗ್ಗೆ ಅವ್ವ ಮಾತಾಡುವುದಿಲ್ಲ. ಅಳುವುದೂ ಇಲ್ಲ. ಟೀ ಮಾಡುವುದು ಬಿಟ್ಟಿದ್ದಾಳೆ ಅಷ್ಟೇ, ಮನೆಯಲ್ಲಿ ಟೀ ಮಗಳೇ ಮಾಡಬೇಕು.

ಕತ್ತು ನೋಯುತ್ತಿದೆ, ಎಡಕ್ಕೆ ಸರಿ, ತೊಲೆ ದಾಟಿತು, ಮಸಿ ಇಲ್ಲಿಂದ ದಟ್ಟ, ಇದು ಒಲೆಯ ನೇರ — ಇಲ್ಲಿಯೇ ಇರಬೇಕು, ಇದ್ದರೆ ಇಲ್ಲಿಯೇ, ಇಷ್ಟು ಹೊತ್ತು ಗೇಣು ಗೇಣು ಸರಿಯುತ್ತಿರುವುದು ಕೆಲಸಕ್ಕಲ್ಲ, ಹೆದರಿಕೆಗೆ, ಇಲ್ಲದೇ ಹೋದರೆ ಏನು ಎಂಬ ಹೆದರಿಕೆ. ಸರ್ಕಾರ ಬಜಾರಿನವರಿಂದ ಮಂಟಪ ಬಿಡಿಸಿದ ವರ್ಷ. ದೊಡ್ಡವರ ಮಾತು ಅವಳಿಗೆ ಅರ್ಥವಾಗುತ್ತಿರಲಿಲ್ಲ, ಕಲ್ಲು ಉಳೀಬೇಕು, ಮಂದಿ ಏಳಬೇಕು, ಇಷ್ಟು ಕಿವಿಗೆ ಬಿದ್ದಿತ್ತು, ಈಗ ಓದಿದ ಮೇಲೆ ಕಲ್ಲು ಉಳಿಯಬೇಕು ಎಂಬ ಮಾತೂ ಸುಳ್ಳಲ್ಲ ಎಂದು ಗೊತ್ತು, ಅದೇ ಅವಳ ಸಂಕಟ, ಎರಡೂ ಕಡೆಯ ಉಪ್ಪು ತಿಂದವಳು. ಪಂಚಮಿ ಇನ್ನೂ ದೂರವಿತ್ತು. ಜೋಕಾಲಿ ಕಟ್ಟಲು ಅಪ್ಪ ಅವತ್ತೇ ಹಗ್ಗ ತಂದ, ಇಷ್ಟು ಜಲ್ದಿ ಯಾಕ ಎಂದಳು ಅವ್ವ, ಅಪ್ಪ ತೊಲೆಗೆ ಗಂಟು ಬಿಗಿಯುತ್ತ, ಪಂಚಮಿ ತನಕ ಇಲ್ಲೇ ಇರ್ತೀವೋ ಇಲ್ಲೋ ಯಾರಿಗೆ ಗೊತ್ತು, ಹಾವಿಗೆ ಹಾಲು ತಡ ಆದ್ರ ನಡೀತೈತಿ, ಹುಡುಗಿಗೆ ಜೋಕಾಲಿ ತಡ ಆಗಬಾರ್ದು ಎಂದ. ಅವ್ವ ನೀರಿಗೆಂದು ಹೊಳೆಗೆ ಹೋದಳು. ಜೋಕಾಲಿ ಏರುತ್ತದೆ, ಇಳಿಯುತ್ತದೆ, ಛತ್ತು ಹತ್ತಿರ ಬರುತ್ತದೆ, ಕಾಲು ಚಾಚುತ್ತಾಳೆ, ಸಿಗುವುದಿಲ್ಲ, ಅಪ್ಪ ಇನ್ನಾ ಜೋರು, ಸಿಗುವುದಿಲ್ಲ, ಇನ್ನಾ ಜೋರು, ಕೊನೆಗೆ ಅತ್ತೇಬಿಟ್ಟಳು, ಛತ್ತು ಮುಟ್ಟಲೇಬೇಕು ಎಂದು ಯಾಕೆ ಹಟ ಬಂದಿತ್ತೋ. ಅಪ್ಪ ಜೋಕಾಲಿ ನಿಲ್ಲಿಸಿದ, ಟೀ ಪೆಟ್ಟಿಗೆಯ ಮೇಲೆ ಹತ್ತಿದ, ಅವಳ ಸೊಂಟ ಹಿಡಿದು ತಲೆಕೆಳಗೆ ಮಾಡಿ ಎತ್ತಿದ, ಲಂಗ ಮುಖದ ಮೇಲೆ ಬಿತ್ತು, ಸರಿಸಿದರೆ ಪ್ರಪಂಚವೆಲ್ಲ ಉಲ್ಟಾ, ಬೀದಿ ಮೇಲೆ, ಕಂಬಗಳು ಜೋತುಬಿದ್ದಿವೆ, ಅಪ್ಪನ ಗಡ್ಡ ಕೆಳಗೆ, ಬೀದಿಯ ತುದಿಯ ಎದುರುಬಸವಣ್ಣನ ದಿಕ್ಕಿನಿಂದ ಬಿಸಿಲು, ನಡಿ ನನ್ನವ್ವ, ಛತ್ತಿನ ಮ್ಯಾಲ ನಡಿ, ಅಂಗಾಲಿಗೆ ತಣ್ಣನೆಯ ಕಲ್ಲು ಸಿಕ್ಕಿತು, ಮೆತ್ತನೆಯ ಮಸಿ, ಬಲಗಾಲು, ಎಡಗಾಲು, ಅಪ್ಪ ಏದುಸಿರು ಬಿಡುತ್ತ ನಗುತ್ತಿದ್ದಾನೆ, ನಗು ಅವನ ಹೊಟ್ಟೆಯಿಂದ ಅವಳ ಬೆನ್ನಿಗೆ ಬರುತ್ತಿದೆ. ಅಷ್ಟರಲ್ಲಿ ಬೀದಿಯಲ್ಲಿ ಅವ್ವನ ದನಿ. ಇಳಿಸಿಬಿಟ್ಟ. ಅವ್ವ ಕೊಡ ಇಳಿಸಿ ನೋಡುತ್ತಾಳೆ, ಮಗಳ ಅಂಗಾಲು ಎರಡೂ ಕಾಡಿಗೆ ಕಪ್ಪು, ಎಲ್ಲಿ ತುಳಿದು ಬಂದಿ ತಾಯಿ, ಹೊಳೆಗೆ ಎಳೆದುಕೊಂಡು ಹೋಗಿ ತೆಂಗಿನ ನಾರಿನಿಂದ ಉಜ್ಜಿದಳು, ಉಜ್ಜಿದಳು, ಎಲ್ಲಿ ತುಳಿದಿ ಹೇಳು ಅಂದರೆ ಅವಳು ಹೇಳಲಿಲ್ಲ, ಅಪ್ಪನೂ ನಿಜ ಹೇಳಲಿಲ್ಲ, ಅಪ್ಪ ಆ ದಿನವೆಲ್ಲ ಟೀ ಸುರಿಯುತ್ತ ಒಬ್ಬನೇ ನಗುತ್ತಿದ್ದ.

ಅದಾಗಿ ಸ್ವಲ್ಪವೇ ದಿನಕ್ಕೆ ಮಂಟಪ ಖಾಲಿ ಮಾಡುವ ಬೆಳಿಗ್ಗೆ ಬಂತು, ಅಪ್ಪ ಪಾತ್ರೆ ಗಂಟು ಕಟ್ಟುತ್ತಿದ್ದ, ಎಲ್ಲರೂ ಗಂಟು ಕಟ್ಟುತ್ತಿದ್ದರು, ಬೀದಿ ತುಂಬ ಗಂಟುಗಳು, ಅವ್ವ ಮಾತ್ರ ಡ್ರಮ್ಮಿನ ಮೇಲೆ ನಿಂತು ಒದ್ದೆ ನಾರು ಹಿಡಿದು ಬೀದಿ ಕಡೆಯಿಂದ ಛತ್ತು ತಿಕ್ಕುತ್ತಿದ್ದಳು, ಒಲೆಯ ತನಕ ಇನ್ನೂ ಬಂದಿರಲಿಲ್ಲ. ಇಳಿಯೇ ದುರ್ಗಿ, ಇನ್ನ ಅದು ನಮ್ಮದಲ್ಲ ಎಂದ ಅಪ್ಪ. ನಾಳೆ ಬಂದೋರು ನೋಡಿ ಏನಂದಾರು, ಹೊಲಸು ಮಂದಿ ಇದ್ರು ಇಲ್ಲಿ ಅಂತಾರ — ಅವ್ವನ ಆ ದನಿ ಇವತ್ತಿಗೂ ಯಶೋಧರಾಗೆ ಕೇಳುತ್ತದೆ, ಮನೆ ಹೋಯಿತೆಂದು ಅಳದ ಹೆಂಗಸು ಮಸಿ ಉಳಿಯಿತೆಂದು ಅತ್ತಳು. ಗೈಡುಗಳ ಬಾಯಲ್ಲಿ ಅವಳು ಕೇಳಿದ್ದಳಂತೆ, ನೋಡಿ, ಇಂಥ ಕಲ್ಲನ್ನು ಹೇಗೆ ಕೆಡಿಸಿದ್ದಾರೆ ಎಂದು ಯಾತ್ರಿಕರಿಗೆ ಛತ್ತಿನತ್ತ ಕೈ ತೋರುತ್ತಿದ್ದರಂತೆ, ಅವ್ವ ಒಲೆ ಮುಂದೆ ಕೂತಿರುವಾಗಲೇ. ಇದ್ದಲು ಮಸಿಗೆ ಬುದ್ಧಿ ಹೇಳಿತಂತೆ ಎಂದು ಅಪ್ಪ ನಕ್ಕು ಬಿಟ್ಟುಬಿಡುತ್ತಿದ್ದ, ಅದು ಮಸಿ ಅಲ್ಲಲೇ, ಇಷ್ಟು ಮಂದಿಗೆ ಟೀ ಕುಡಿಸಿದ ಗುರುತು ಎನ್ನುತ್ತಿದ್ದ, ಅವ್ವ ನಗುತ್ತಿರಲಿಲ್ಲ. ಅಂದಮೇಲೆ ಮಗಳು ಈಗ ಯಾವ ಬಾಯಿಂದ ಬಿಡಿ ಎನ್ನಬೇಕು. ಅವ್ವನ ನಾಚಿಕೆಯನ್ನು ಛತ್ತಿಗೆ ಅಂಟಿಸಿಟ್ಟು, ಚರಿತ್ರೆ ಎಂದು ಹೆಸರಿಟ್ಟು, ಊರಿಗೆಲ್ಲ ತೋರಿಸಬೇಕೇ. ಕಂಪ್ಲಿ ಕೋಟೆ ನೋಡಲು ಹೋದಾಗ ಮಿಸ್ ಹೇಳಿದ್ದರು, ಕೋಟೆಯೊಳಗೆ ಎಮ್ಮೆ ಕಟ್ಟಿದ್ದಾರೆ, ಹಾಳಾಗಿದೆ ಮಿಸ್ ಎಂದು ಯಾರೋ ಅಂದಾಗ, ಹಾಳಾಗೈತಿ ಅನ್ನೋಕಿಂತ ಮೊದಲು ಆ ಎಮ್ಮಿ ಯಾರದು ಕೇಳ್ರಿ, ಅವರ ಜೊತಿ ಮಾತಾಡ್ರಿ. ಅವರ ಜೊತಿ ಮಾತಾಡ್ರಿ. ಇಷ್ಟು ಕಲ್ಲುಗಳ ಜೊತೆ ಮಾತಾಡಿದವಳು ಅವ್ವನ ಜೊತೆ ಮಾತಾಡಿಲ್ಲ, ಬೆಳಿಗ್ಗೆ ರೊಟ್ಟಿ ನುಂಗಿ ಎದ್ದುಬಂದಳು.

ಬ್ಯಾಟರಿ ಇನ್ನೂ ಸ್ವಲ್ಪ ಅಡ್ಡ, ಕಲ್ಲಿಗೆ ಒತ್ತಿ, ಮಸಿಯ ಮೇಲೆ ಜೇಡನ ಬಲೆ, ಕೈಯಿಂದ ಸರಿಸು, ಮುಟ್ಟಬೇಡ ಮುಟ್ಟಬೇಡ, ಉಸಿರಿನಿಂದ — ಅಲ್ಲಿ. ಅಲ್ಲಿ, ಕಪ್ಪಿನ ನಡುವೆ ಬೂದುಬಣ್ಣದ ಒಂದು ಹಿಮ್ಮಡಿ, ಹಿಮ್ಮಡಿಯಿಂದ ಒಂದು ಬಾಗು, ಬಾಗಿನ ತುದಿಗೆ ಐದು ಚುಕ್ಕಿ, ಅವಳ ಅಂಗೈಯಷ್ಟೇ ಇದೆ, ಅಷ್ಟು ಸಣ್ಣ ಕಾಲಿತ್ತೇ ತನಗೆ, ಅದರ ಮುಂದೆ ಇನ್ನೊಂದು, ಎಡಗಾಲು, ಸ್ವಲ್ಪ ಸೊಟ್ಟ, ಅಪ್ಪ ಆಯ ತಪ್ಪಿರಬೇಕು. ಇದೆ. ಇಷ್ಟು ವರ್ಷ ಇಲ್ಲಿಯೇ ಇದೆ, ಕೆಳಗೆ ಯಾತ್ರಿಕರು, ಮಂಗಗಳು, ಪೊಲೀಸರು, ಮಳೆ ಬಂದಾಗ ಓಡಿಬಂದು ನಿಂತ ಆಡುಗಳು, ಎಲ್ಲರ ತಲೆಯ ಮೇಲೆ ಒಂದು ಹುಡುಗಿ ನಡೆಯುತ್ತಲೇ ಇದ್ದಾಳೆ. ಕಣ್ಣಿನ ನೀರು ಕಿವಿಯೊಳಗೆ ಇಳಿಯುತ್ತಿದೆ, ಮಲಗಿ ಅತ್ತರೆ ಹೀಗೇ, ಒರೆಸಿಕೊಳ್ಳಲು ಕೈ ಬಿಡುವಿಲ್ಲ. ಅಟ್ಟಣಿಗೆ ಅಲುಗುತ್ತಿದೆ, ಯಾರೋ ಏಣಿ ಹತ್ತುತ್ತಿದ್ದಾರೆ, ಬಕೀಟು ಕೊಳವೆಗೆ ಬಡಿಯಿತು, ಬಳೆ ಸದ್ದು, ಎಷ್ಟೊತ್ತು ನೋಡ್ತಿ ಮೇಡಂ, ಸರೀ ಆ ಕಡಿ, ನಾ ಶುರು ಮಾಡ್ತೀನಿ — ಅವ್ವ ಮೇಲೆ ಬಂದಾಯಿತು, ಹಲಗೆಯ ಮೇಲೆ ಮೊಣಕಾಲೂರಿ ಬ್ರಷ್ಷು ಬಕೀಟಿಗೆ ಅದ್ದಿಯೂ ಆಯಿತು, ಬ್ರಷ್ಷಿನಿಂದ ಹನಿ ಬೀಳುತ್ತಿದೆ.

ಅವ್ವ, ಮಕ್ಕೋ ಇಲ್ಲಿ, ನನ್ನ ಬಾಜೂಕ. ಅವ್ವ ಗೊಣಗುತ್ತ ಮಲಗಿದಳು, ಮಂಡಿ ಚಟಕ್ಕೆಂದಿತು, ಇಬ್ಬರ ಭುಜ ತಾಗಿದವು, ಅವ್ವನ ಮೈಯಲ್ಲಿ ಅಮೋನಿಯಾ ವಾಸನೆಯ ಕೆಳಗೆ ಹಳೆಯ ಹೊಗೆಯ ವಾಸನೆ ಇನ್ನೂ ಇದೆ, ಇದೆ ಎಂದು ಅವಳಿಗೆ ಅನ್ನಿಸುತ್ತದೆ, ಬೆಳಕನ್ನು ಅಡ್ಡ ಹಿಡಿದಳು. ಅವ್ವ ನೋಡಿದಳು. ಯಾವ ಕೂಸಿಂದು ಇದು, ಇಲ್ಲಿ ಹೆಂಗ — ಅರ್ಧಕ್ಕೆ ನಿಂತಿತು. ಅವ್ವನ ಕೈ ರಬ್ಬರು ಗವಸು ಕಳಚಿತು, ಬರಿಗೈ ಮೇಲಕ್ಕೆ ಹೋಯಿತು, ಕಲ್ಲಿಗೆ ತಾಗದೆ ನಿಂತಿತು, ಗಾಳಿಯಲ್ಲೇ ಹಿಮ್ಮಡಿಯಿಂದ ಬೆರಳಿನವರೆಗೆ ಸವರಿತು, ಹೊಳೆದಂಡೆಯಲ್ಲಿ ಆ ಪಾದವನ್ನು ಹಿಡಿದು ಉಜ್ಜಿದ ಕೈ ಅದು, ಅಳತೆ ಮರೆತಿರಲಿಲ್ಲ. ಇಲ್ಲಿ ತುಳಿದಿದ್ದೇನಲೇ ನೀನು. ಅಪ್ಪ ಎತ್ತಿದ್ದ ಅವ್ವ, ತಲಿ ಕೆಳಗ ಮಾಡಿ. ಅವ್ವನ ಹೊಟ್ಟೆ ಅಲುಗಿತು, ಹಲಗೆ ಅಲುಗಿತು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯುವಂತಿರಲಿಲ್ಲ, ಕಳ್ಳ, ಕಳ್ಳ ಅವ, ನಾ ಕೇಳಿದ್ರ ಗುಡಿ ಆನೆ ಲದ್ದಿ ತುಳಿದಾಳ ಅಂದಿದ್ದ. ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಬ್ರಷ್ಷು ಎತ್ತಿದಳು, ಆತು, ಕಾಲಿನ ಗುರುತಷ್ಟು ಬಿಡ್ತೀನಿ, ಸುತ್ತಾನೂ ತೊಳಿತೀನಿ. ಕಾಲಿನ ಗುರುತು ಎಂದರೆ ಮಸಿ ಇಲ್ಲದ ಜಾಗ, ಅಷ್ಟೇ, ಅಪ್ಪ ಅಲ್ಲಿ ಏನನ್ನೂ ಬರೆಯಲಿಲ್ಲ, ಮಗಳ ಅಂಗಾಲಿನಿಂದ ಒಂದಿಷ್ಟು ಮಸಿ ಅಳಿಸಿದ, ಸುತ್ತಲಿನದು ತೊಳೆದರೆ ಪಾದ ಎಲ್ಲಿ ನಿಲ್ಲುತ್ತದೆ, ಇಡೀ ಛತ್ತು ಬೆಳ್ಳಗೆ, ಪಾದವೂ ಬೆಳ್ಳಗೆ, ನಡೆಯುವ ಹುಡುಗಿ ಹೋಗಿಬಿಡುತ್ತಾಳೆ. ಹೇಳಬೇಕು, ಅವ್ವನಿಗೆ ಹೇಗೆ ಹೇಳುವುದು, ನಿನ್ನ ನಾಚಿಕೆ ಇದ್ದರೇ ಅವನ ನಗು ಉಳಿಯುತ್ತದೆ ಎಂದು — ಬ್ರಷ್ಷು ಹಿಮ್ಮಡಿಯ ಅಂಚಿನ ಹತ್ತಿರ ಹೋಯಿತು, ನಿಂತಿತು. ಅವ್ವ ಅಂಚನ್ನು ನೋಡುತ್ತಿದ್ದಾಳೆ. ಅಂಚಿನ ಆಚೆ ಕಪ್ಪು, ಈಚೆ ಕಲ್ಲು. ನೋಡುತ್ತಲೇ ಇದ್ದಾಳೆ, ಇಷ್ಟು ವರ್ಷ ಛತ್ತು ತಿಕ್ಕಿದವಳಿಗೆ ಹೇಳಿಕೊಡಬೇಕೇ, ಬ್ರಷ್ಷು ಮೆಲ್ಲಗೆ ಇಳಿದು ಬಕೀಟಿನ ಅಂಚಿಗೆ ಒರಗಿತು.

ಮೇಡಂ, ತೊಳೆಯೋದೋ ಬಿಡೋದೋ — ಕೆಳಗಿನಿಂದ ಜಂಬುನಾಥ್ ಸರ್. ಬಿಡ್ರೀ ಸರ ಎಂದಳು ಅವ್ವ, ಮೇಡಮ್ಮಿಗಿಂತ ಮೊದಲೇ, ಗಟ್ಟಿಯಾಗಿ, ಗುರುತೈತ್ರಿ ಇಲ್ಲಿ. ಯಾರದು, ಯಾವ ಕಾಲದ್ದು, ಹಳೇದಾ ಹೊಸಾದಾ, ನೋಡಿದೋರು ಯಾರರ ಅದಾರೇನು ಎಂದರು ಸರ್. ನೋಡಿದವರು ಇದ್ದಾರೆ, ಕಣ್ಣಾರೆ ಕಂಡಿದ್ದಾ, ಕಣ್ಣಾರೆ, ಎಲ್ಲಿ ನಿಂತು ಕಂಡಿದ್ದು, ನಿಂತಿರಲಿಲ್ಲ ಮಿಸ್, ಅಪ್ಪನ ಕೈಯಲ್ಲಿ ತಲೆಕೆಳಗಾಗಿ ಇದ್ದೆ, ಅಲ್ಲಿಂದ ಎಲ್ಲಾ ಚೆನ್ನಾಗಿ ಕಂಡಿತು — ಹೇಳಬೇಕು, ಇಳಿದು ಹೋಗಿ ಅವರ ಕೊಡೆಯ ಕೆಳಗೆ ನಿಂತು ಹೇಳಬೇಕು, ಸರ್ ಇದು ನಮ್ಮ ಮನೆ, ಅದು ನನ್ನ ಕಾಲು, ಆ ಮಸಿ ಇವಳದು, ಇವಳು ಹೊಲಸು ಹೆಂಗಸಲ್ಲ, ಅವರು ಒಪ್ಪುತ್ತಾರೋ ಬಿಡುತ್ತಾರೋ, ಮೇಲಿನವರನ್ನು ಕೇಳಬೇಕು ಎನ್ನುತ್ತಾರೋ, ಎನ್ನಲಿ, ಕೇಳಲಿ, ಹೇಳುತ್ತಾಳೆ, ಇಳಿಯಬೇಕು, ಈಗಲೇ, ಇನ್ನೊಂದು ಗಳಿಗೆ. ಅವ್ವ ಅವಳ ಮಣಿಕಟ್ಟು ಹಿಡಿದು ಬ್ಯಾಟರಿಯನ್ನು ತಾನೇ ಮುಂದಕ್ಕೆ ಸರಿಸಿದಳು, ಬಲಗಾಲು, ಎಡಗಾಲು, ಅದರಾಚೆ ಮಸಿಯಲ್ಲಿ ಬರೀ ಐದು ಬೆರಳು, ಹಿಮ್ಮಡಿ ಇಲ್ಲ. ಇದ್ಯಾಕ ಇಷ್ಟ ಐತಿ, ಕಾಲು ಪೂರಾ ಊರಿಲ್ಲ. ಅಷ್ಟೊತ್ತಿಗೆ ನೀ ಬಂದಿ ಅವ್ವ. ಅವ್ವ ಮಣಿಕಟ್ಟು ಬಿಡಲಿಲ್ಲ, ಬೆಳಕು ಅಲ್ಲಿಯೇ ನಿಂತಿತು, ಛತ್ತಿನ ಮೇಲೆ ಐದು ಬೆರಳು, ಹೆಬ್ಬೆರಳು ಸ್ವಲ್ಪ ಆಚೆಗೆ, ಹಿಮ್ಮಡಿ ಇನ್ನೂ ಇಳಿದಿಲ್ಲ, ಐದು ಬೆರಳು.